ಕೆರೆಯಲ್ಲಿ ಈಜಿ ಬಂದ ಮೇಲೆ ಕಾಯಿಲೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಜುಲೈ ತಿಂಗಳ ಒಂದು ಸೋಮವಾರ, ಬೆಳಗ್ಗೆ ಏಳಕ್ಕೇ ಫೋನು. "ಅಕ್ಕಾ, ಶನಿವಾರ ಬೀಚಿನ ಬೋರ್ಡಲ್ಲಿ ಈಜಬಹುದು ಅಂತಲೇ ಹಾಕಿದ್ರು. ನಾನೇ ಓದಿ ನೋಡಿ ಮಗನ್ನ ನೀರಿಗೆ ಬಿಟ್ಟೆ. ನಿನ್ನೆ ರಾತ್ರಿಯಿಂದ ಒಂದೇ ಸಮ ವಾಂತಿ. ಹಾಗಾದ್ರೆ ಆ ಬೋರ್ಡು ಸುಳ್ಳಾ?"

ನಾನಿರುವ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ದೊಡ್ಡ ಸರೋವರಗಳನ್ನು ಬಿಟ್ಟು ಒಳನಾಡಿನಲ್ಲೇ 11,000ಕ್ಕೂ ಹೆಚ್ಚು ಕೆರೆಗಳಿವೆ. ಕಟ್ಟೆ ಕಟ್ಟಿ ಮಾಡಿದವಲ್ಲ, ಹೆಚ್ಚಿನವು ಹಿಮನದಿ ಸರಿದಾಗ ಉಳಿದ ಗುಂಡಿಗಳು. ಆದರೂ ನನ್ನ ಬಾಯಿಗೆ ಬರುವ ಮಾತು ಕೆರೆಯೇ. ಅಂಥದ್ದೊಂದು ಕೆರೆಯ ಬೀಚಿನಲ್ಲಿ ಬೇಸಿಗೆಯ ಪ್ರತಿ ವಾರ ನೀರಿನ ಮಾದರಿ ಹಿಡಿಯುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳು. ಹಾಗಾಗಿ ಇಲ್ಲಿನ ಕನ್ನಡ ಮನೆಗಳಿಂದ ಇಂಥ ಫೋನು ನನಗೆ ಬರುತ್ತಲೇ ಇರುತ್ತದೆ. ಎಲ್ಲರಿಗೂ ಒಂದೇ ಅನುಮಾನ: ನೀರು ಕೆಟ್ಟಿದೆ. ಆದರೆ ಕೆಟ್ಟ ನೀರು ಎಂಬುದೊಂದು ಕಾಯಿಲೆಯಲ್ಲ. ಮಲದಿಂದ ಕೆಟ್ಟ ನೀರು ಬೇರೆ, ಪಾಚಿಯಿಂದ ಕೆಟ್ಟದ್ದು ಬೇರೆ, ಬಸವನಹುಳುವಿನಿಂದ ಬರುವ ತುರಿಕೆ ಬೇರೆ. ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದನ್ನು ಹಿಡಿಯುವುದಿಲ್ಲ. ಬೀಚಿನ ಬೋರ್ಡು ಇವುಗಳಲ್ಲಿ ಮೊದಲನೆಯದರ ಬಗ್ಗೆ ಮಾತ್ರ, ಅದೂ ಸಾಮಾನ್ಯವಾಗಿ ಹಿಂದಿನ ದಿನಗಳ ನೀರಿನ ಬಗ್ಗೆ ಹೇಳುತ್ತದೆ.

ಮೊದಲು ಗಂಟೆಯ ಲೆಕ್ಕ

ಫೋನು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ: ನೀರಿಗಿಳಿದದ್ದು ಎಷ್ಟು ಹೊತ್ತಿಗೆ, ತೊಂದರೆ ಶುರುವಾದದ್ದು ಎಷ್ಟು ಹೊತ್ತಿಗೆ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನೀರಿನಿಂದ ಎದ್ದ ಕೆಲವು ನಿಮಿಷಗಳಿಂದ ಎರಡು ದಿನದೊಳಗೆ ಚರ್ಮ ಚುರುಗುಟ್ಟಿ ಕೆಂಪು ಗುಳ್ಳೆ ಎದ್ದರೆ ಅದು ಈಜುಗಾರರ ತುರಿಕೆ ಇರಬಹುದು. 12ರಿಂದ 48 ಗಂಟೆಯೊಳಗೆ ದಿಢೀರ್ ವಾಂತಿ, ಜೊತೆಗೆ ಭೇದಿ ಬಂದರೆ ನೊರೊವೈರಸ್ ಮೇಲೆ ಅನುಮಾನ. ಮೂರು ನಾಲ್ಕು ದಿನ ಸುಮ್ಮನಿದ್ದು ಆಮೇಲೆ ಹೊಟ್ಟೆ ಹಿಂಡಿ, ಭೇದಿಯಲ್ಲಿ ರಕ್ತ ಕಂಡರೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ವಿಷ ಉಗುಳುವ ಜಾತಿ ಇರಬಹುದು, ಅದಕ್ಕೆ ಮನೆಮದ್ದು ಬೇಡ, ಅವತ್ತೇ ವೈದ್ಯರ ಹತ್ತಿರ ಹೋಗಿ, ಮಕ್ಕಳ ಕಿಡ್ನಿಗೆ ಹೊಡೆತ ಬೀಳಬಹುದು. ವಾರ ಕಳೆದ ಮೇಲೆ ನೀರು ನೀರಾಗಿ ಭೇದಿ ಶುರುವಾಗಿ ನಿಲ್ಲದೇ ಹೋದರೆ ಕ್ರಿಪ್ಟೊಸ್ಪೊರಿಡಿಯಮ್, ಇನ್ನೂ ತಡವಾದರೆ ಜಿಯಾರ್ಡಿಯಾ, ಎರಡೂ ಕರುಳಿನ ಪರೋಪಜೀವಿಗಳು. ವಾರದ ಹಿಂದಿನ ಈಜು ಯಾರ ನೆನಪಿಗೂ ಬರುವುದಿಲ್ಲ, ಹಿಂದಿನ ದಿನ ತಿಂದ ಪಾನಿಪೂರಿಯ ಮೇಲೆ ತಪ್ಪು ಬೀಳುತ್ತದೆ. ಅದಕ್ಕೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ.

ನೀರಾಟ ಮುಗಿಸಿ ಎರಡು ಮೂರು ಗಂಟೆಯಲ್ಲೇ ವಾಂತಿಯಾದರೆ? ಅಷ್ಟು ಬೇಗ ವೈರಸ್ಸು ಕೆಲಸ ಮಾಡುವುದಿಲ್ಲ. ಡಬ್ಬಿಯಲ್ಲಿ ಬಿಸಿಲಿಗಿಟ್ಟ ಮೊಸರನ್ನವನ್ನೂ, ಹಸಿರು ನೀರನ್ನೂ ಅನುಮಾನಿಸಿ.

ಕಿವಿ ನೋವಾದರೆ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ನೋಡಿ. ಎಳೆದಾಗ ನೋವು ಜಾಸ್ತಿಯಾದರೆ ಅದು ಹೊರಕಿವಿಯಲ್ಲಿ ನೀರು ನಿಂತು ಆದ ಸೋಂಕು. ಇನ್ನು ಗುಳ್ಳೆಗಳು ಈಜುಡುಗೆಯ ಅಡಿಯಲ್ಲೇ ಹೆಚ್ಚಾಗಿ ಎದ್ದಿದ್ದರೆ ಕೆರೆಯನ್ನು ಬಿಡಿ, ಸಂಜೆ ಹೋಟೆಲಿನ ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದಿರಾ ಎಂದು ಕೇಳಿಕೊಳ್ಳಿ. ಸರಿಯಾಗಿ ಕ್ಲೋರಿನ್ ಇಲ್ಲದ ತೊಟ್ಟಿಯಲ್ಲಿ ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಒದ್ದೆ ಬಟ್ಟೆ ಅದನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ.

ಬೋರ್ಡಿನ ಹಿಂದಿನ ಅಂಕೆ

ಮಾದರಿ ಹಿಡಿಯುವುದು ಹೀಗೆ. ಬೆಳಗ್ಗೆ ಜನ ಬರುವ ಮೊದಲು, ಬೀಚಿನ ಉದ್ದಕ್ಕೂ ಕನಿಷ್ಠ ಮೂರು ಕಡೆ ನೀರಿಗಿಳಿಯುತ್ತೇವೆ. ಕಾಲಡಿಯ ಕೆಸರು ಏಳದಂತೆ ನಿಧಾನಕ್ಕೆ ನಡೆದು, ನಿಂತ ಜಾಗದಿಂದ ಕೈ ಮುಂದೆ ಚಾಚಿ, ಬಾಟಲಿಯನ್ನು ಬಾಯಿ ಕೆಳಗೆ ಮಾಡಿ ಒಂದು ಗೇಣು ಮುಳುಗಿಸಿ ಆಮೇಲೆ ತಿರುಗಿಸಬೇಕು. ಮೇಲಿನ ಕೆನೆಯೂ ಬರಬಾರದು, ತಳದ ಮರಳೂ ಬರಬಾರದು. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿದರೆ ಆ ಬಾಟಲಿ ಲೆಕ್ಕಕ್ಕಿಲ್ಲ. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು. ಅಲ್ಲಿ 100 ಮಿಲಿ ನೀರಿಗೆ ಬ್ಯಾಕ್ಟೀರಿಯಾ ಬೆಳೆಸುವ ಪುಡಿ ಬೆರೆಸಿ, ಸಣ್ಣ ದೊಡ್ಡ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಸುರಿದು ಮೊಹರು ಮಾಡಿ, 35 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಮರುದಿನ ಕತ್ತಲಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ಇ. ಕೋಲಿ ಇರುವ ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ದೊಡ್ಡ ಗುಳಿ 49, ಸಣ್ಣವು 48. ಎಷ್ಟು ಹೊಳೆದವು ಎಂದು ಎಣಿಸಿ ಪಟ್ಟಿಯಲ್ಲಿ ನೋಡಿದರೆ ಅಂಕೆ ಸಿಗುತ್ತದೆ. ಮೊದಲ ಸಲ ತಟ್ಟೆ ಇಡೀ ಹೊಳೆದದ್ದನ್ನು ನೋಡಿದಾಗ, ಹಿಂದಿನ ದಿನ ಅದೇ ನೀರಲ್ಲಿ ಮುಳುಗೇಳುತ್ತಿದ್ದ ಮಕ್ಕಳ ಮುಖ ಒಂದೊಂದಾಗಿ ಕಣ್ಣಿಗೆ ಬಂದವು.

ಈ ವಿಧಾನಕ್ಕೆ 18ರಿಂದ 24 ಗಂಟೆ ಬೇಕು. ಅಂದರೆ ಶುಕ್ರವಾರದ ನೀರಿನ ಫಲಿತಾಂಶ ಶನಿವಾರದ ಬೋರ್ಡಿಗೆ ಬರುತ್ತದೆ. ನಡುವೆ ರಾತ್ರಿ ಮಳೆ ಬಿದ್ದಿದ್ದರೆ ಬೋರ್ಡು ಸುಳ್ಳು ಹೇಳುತ್ತಿಲ್ಲ, ಹಳೆಯದನ್ನು ಹೇಳುತ್ತಿದೆ. ಬ್ಯಾಕ್ಟೀರಿಯಾದ ಡಿಎನ್ಎಯನ್ನೇ ಎಣಿಸುವ ಹೊಸ ಪರೀಕ್ಷೆಯಲ್ಲಿ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಷಿಕಾಗೊ ನಗರದ ಬೀಚುಗಳಲ್ಲಿ ಅದು ಬಳಕೆಯಲ್ಲಿದೆ. ಸಣ್ಣ ಕೆರೆಗಳಿಗೆ ಇನ್ನೂ ಬಂದಿಲ್ಲದ ಕಡೆಯೇ ಜಾಸ್ತಿ.

ಮಿಷಿಗನ್‌ನ ನಿಯಮದಲ್ಲಿ ಒಂದು ದಿನದ ಮಿತಿ 100 ಮಿಲಿಗೆ 300 ಇ. ಕೋಲಿ, 30 ದಿನಗಳ ಸರಾಸರಿಗೆ 130. ಈ ಸರಾಸರಿ ನಾವು ಶಾಲೆಯಲ್ಲಿ ಕೂಡಿ ಭಾಗಿಸಿದ ಸರಾಸರಿಯಲ್ಲ, ಗುಣೋತ್ತರ ಸರಾಸರಿ. ಅದರಲ್ಲೊಂದು ಸೂಕ್ಷ್ಮ ಇದೆ. ಮೂರು ಬಾಟಲಿಗಳಲ್ಲಿ 1200, 90, 70 ಬಂತು ಎಂದುಕೊಳ್ಳಿ. ಗುಣಿಸಿ ಘನಮೂಲ ತೆಗೆದರೆ 196, ಒಂದು ದಿನದ ಮಿತಿಯಾದ 300ರ ಒಳಗೇ. ಬೀಚು ಪಾಸು! ಆದರೆ ಆ 1200 ಬಂದ ಮೂಲೆಯಲ್ಲಿ ನಿಮ್ಮ ಮಗು ಆಡುತ್ತಿದ್ದರೆ? ದೋಷ ಹುಡುಕುವವರು ಸರಾಸರಿಯನ್ನು ಪಕ್ಕಕ್ಕಿಟ್ಟು ಮೂರೂ ಅಂಕೆಗಳನ್ನು ಬೇರೆ ಬೇರೆಯಾಗಿ ಕೇಳಿ ಪಡೆಯಬೇಕು. ಒಂದೇ ಮೂಲೆ ಮತ್ತೆ ಮತ್ತೆ ಏರುತ್ತಿದ್ದರೆ ಮೂಲ ಅಲ್ಲೇ ಹತ್ತಿರದಲ್ಲಿದೆ. ಮೂರೂ ಒಟ್ಟಿಗೆ ಏರಿದರೆ ಇಡೀ ದಂಡೆಗೆ ಬರುವ ಏನೋ ಒಂದು ಕಾರಣ: ಮಳೆ, ಗಾಳಿ, ಹಕ್ಕಿ.

ಇನ್ನೊಂದು ವಿಷಯ. ಪಾಸಾದ ನೀರಿನಲ್ಲಿ ಅಪಾಯ ಸೊನ್ನೆ ಎಂದು ಯಾವ ಇಲಾಖೆಯೂ ಹೇಳಿಲ್ಲ. ಅಮೆರಿಕದ ಪರಿಸರ ಸಂಸ್ಥೆ 2012ರಲ್ಲಿ ಶಿಫಾರಸು ಮಾಡಿದ ಸಿಹಿನೀರಿನ ಮಟ್ಟ, 100 ಮಿಲಿಗೆ 126 ಇ. ಕೋಲಿ, ಈಜುವ 1000 ಮಂದಿಯಲ್ಲಿ ಸುಮಾರು 36 ಮಂದಿಗೆ ಹೊಟ್ಟೆ ಕೆಡಬಹುದು ಎಂಬ ಲೆಕ್ಕದ ಮೇಲೆ ನಿಂತಿದೆ.

ಅಂಕೆ ಪದೇ ಪದೇ ಏರುತ್ತಿದ್ದರೆ

ಇ. ಕೋಲಿಯ ಹೆಚ್ಚಿನ ಜಾತಿಗಳು ತಾವಾಗಿ ಏನೂ ಮಾಡುವುದಿಲ್ಲ. ಹೊಗೆ ಕಂಡರೆ ಬೆಂಕಿ ಇದೆ ಎನ್ನುವಂತೆ, ಅವು ಕಂಡರೆ ಮಲ ಬಂದಿದೆ ಎಂದು ಅರ್ಥ. ಯಾರ ಮಲ ಎನ್ನುವುದೇ ಪ್ರಶ್ನೆ, ಏಕೆಂದರೆ ಮನುಷ್ಯರ ಮಲದಲ್ಲಿ ಮನುಷ್ಯರಿಗೆ ತಗಲುವ ವೈರಸ್ಸುಗಳಿರುತ್ತವೆ, ಬಾತುಗಳದ್ದಕ್ಕಿಂತ ಅದು ಹೆಚ್ಚು ಅಪಾಯ.

ಮಳೆಯ ದಾಖಲೆಯನ್ನು ಅಂಕೆಯ ಪಕ್ಕದಲ್ಲಿ ಬರೆಯುತ್ತಾ ಹೋಗಿ. ಮಳೆ ಬಂದ ಮರುದಿನ ಮಾತ್ರ ಏರಿ ಎರಡು ದಿನದಲ್ಲಿ ಇಳಿದರೆ ರಸ್ತೆ, ಹುಲ್ಲುಹಾಸು, ನಾಯಿಗಳ ಹೊಲಸು ಎಲ್ಲ ತೊಳೆದು ಮೋರಿಯಲ್ಲಿ ಬರುತ್ತಿದೆ. ಡೆಟ್ರಾಯಿಟ್‌ನಂಥ ಹಳೆಯ ನಗರಗಳಲ್ಲಿ ಮಳೆನೀರು, ಮನೆಯ ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹರಿಯುವ ಕಡೆಗಳಿವೆ. ಜೋರು ಮಳೆಗೆ ಅದು ಉಕ್ಕಿ ಹೊರಬೀಳುತ್ತದೆ. ಈಜುವವರಿಗೆ ಇದರ ಉಪಾಯ ಸರಳ: ಜೋರು ಮಳೆಯಾದ ಮೇಲೆ 48 ಗಂಟೆ ನೀರಿಗಿಳಿಯಬೇಡಿ, ಮೋರಿಯ ಬಾಯಿಯ ಹತ್ತಿರ ಎಂದೂ ಬೇಡ.

ಆ ಮೋರಿಯ ಬಾಯಿಯನ್ನು ಒಣ ದಿನವೂ ಹೋಗಿ ನೋಡಿ. ನಾಲ್ಕು ದಿನ ಮಳೆಯೇ ಇಲ್ಲ, ಆದರೂ ಅದರಲ್ಲಿ ಬೆರಳು ಗಾತ್ರದ ನೀರು ಹರಿಯುತ್ತಿದೆ. ಎಲ್ಲಿಂದ? ಊಟೆಯ ನೀರಿರಬಹುದು, ಯಾರೋ ತೋಟಕ್ಕೆ ಬಿಟ್ಟದ್ದಿರಬಹುದು. ಆದರೆ ಸೋಪಿನ ನೊರೆ, ಬೂದು ಬಣ್ಣದ ಲೋಳೆ, ಬಟ್ಟೆ ಒಗೆದ ವಾಸನೆ ಇದ್ದರೆ ಯಾವುದೋ ಮನೆಯ ಪೈಪು ಮಳೆನೀರಿನ ಚರಂಡಿಗೆ ಸೇರಿಕೊಂಡಿದೆ. ಬಟ್ಟೆ ಸೋಪಿನ ಹೊಳಪಿನ ಅಂಶ ನೇರಳಾತೀತ ಬೆಳಕಿನಲ್ಲಿ ಮಿನುಗುತ್ತದೆ, ಬಿಳುಪುಕಾರಕ ಹಾಕದ ಹತ್ತಿಯ ತುಂಡನ್ನು ಮೋರಿಯಲ್ಲಿ ಕೆಲವು ದಿನ ಕಟ್ಟಿ ಇಟ್ಟು ಅದನ್ನು ಪತ್ತೆ ಹಚ್ಚುವ ಕ್ರಮ ಇದೆ. ನೀವೇ ಕೈ ಹಾಕಬೇಡಿ. ಫೋಟೊ, ದಿನಾಂಕ, ಹೊತ್ತು ಬರೆದು ಕೌಂಟಿಯ ಆರೋಗ್ಯ ಇಲಾಖೆಗೆ ಕೊಡಿ.

ಮಳೆಗೆ ಸಂಬಂಧವೇ ಇಲ್ಲದೆ ಏರಿದರೆ ಸೆಪ್ಟಿಕ್ ಟ್ಯಾಂಕು, ಇಲ್ಲವೇ ಹಕ್ಕಿ. ಜುಲೈ ನಾಲ್ಕರ ರಜೆಯಂಥ ವಾರಾಂತ್ಯದಲ್ಲಿ ಕೆರೆದಂಡೆಯ ಮನೆಗಳೆಲ್ಲ ತುಂಬಿ, ಮಳೆಯಿಲ್ಲದೆಯೂ ಅಂಕೆ ಏರಿದರೆ ನನ್ನ ಮನಸ್ಸು ಮೊದಲು ಸೆಪ್ಟಿಕ್ ಕಡೆಗೆ ಹೋಗುತ್ತದೆ. ಇಬ್ಬರಿಗೆಂದು ಐವತ್ತು ವರ್ಷದ ಹಿಂದೆ ತೋಡಿದ ಗುಂಡಿಗೆ ಹನ್ನೆರಡು ಜನರ ನೀರು ಬಿದ್ದರೆ ಅದು ಎಲ್ಲಿಗೆ ಹೋಗಬೇಕು? ಸೆಪ್ಟಿಕ್ ಬಗ್ಗೆ ರಾಜ್ಯಕ್ಕೆಲ್ಲ ಅನ್ವಯಿಸುವ ಒಂದೇ ನಿಯಮ ಮಿಷಿಗನ್‌ನಲ್ಲಿಲ್ಲ, ಒಂದೊಂದು ಕೌಂಟಿಗೆ ಒಂದೊಂದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 64 ನದಿಗಳ ನೀರು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಲಾನಯನದಲ್ಲಿ ಸೆಪ್ಟಿಕ್ ವ್ಯವಸ್ಥೆಗಳು ಹೆಚ್ಚಿದ್ದ ಕಡೆ ಮನುಷ್ಯರ ಮಲದ ಬ್ಯಾಕ್ಟೀರಿಯಾವೂ ಹೆಚ್ಚು ಸಿಕ್ಕಿತು. ಮಣ್ಣು ಎಲ್ಲವನ್ನೂ ಸೋಸಿಬಿಡುತ್ತದೆ ಎಂಬ ನಂಬಿಕೆ ಗಟ್ಟಿಯಲ್ಲ ಎಂದು ಅದು ತೋರಿಸಿತು. ಮನೆಯವರು ಒಪ್ಪಿದರೆ ಟಾಯ್ಲೆಟ್ಟಿಗೆ ಬಣ್ಣದ ಗುಳಿಗೆ ಹಾಕಿ ನೀರು ಬಿಟ್ಟು, ಅಂಗಳದಲ್ಲೋ ದಂಡೆಯಲ್ಲೋ ಬಣ್ಣ ಹೊರಬರುತ್ತದಾ ನೋಡಬಹುದು. ಒಪ್ಪದಿದ್ದರೆ ನೀರಿನಲ್ಲಿ ಎಚ್‌ಎಫ್183 ಎಂಬ ಗುರುತನ್ನು ಹುಡುಕುವ ಪರೀಕ್ಷೆ ಇದೆ. ಅದು ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಕ್ಕೆ ಸೇರಿದ್ದು, ಬಾತಿನದ್ದಲ್ಲ. ಹಣ ಇರುವುದು ಒಂದೇ ಪರೀಕ್ಷೆಗೆ ಎಂದಾದರೆ ನಾನು ಇದಕ್ಕೇ ಹಾಕುತ್ತೇನೆ.

ಹಕ್ಕಿಗಳ ಸಾಕ್ಷಿ ಬೆಳಗಿನ ಹೊತ್ತು ದಂಡೆಯಲ್ಲೇ ಬಿದ್ದಿರುತ್ತದೆ. ಕತ್ತರಿಸಿದ ಹುಲ್ಲು ನೀರಿನ ಅಂಚಿನವರೆಗೂ ಇದ್ದರೆ ಕೆನಡಾ ಹೆಬ್ಬಾತುಗಳಿಗೆ ಅದು ಮದುವೆ ಮನೆ: ಮೇಯಲು ಹುಲ್ಲು, ನರಿ ಬಂದರೆ ದೂರದಿಂದಲೇ ಕಾಣುತ್ತದೆ, ಓಡಲು ನೀರು. ಅಂಚಿನಲ್ಲಿ ಸೊಂಟದೆತ್ತರದ ಸ್ಥಳೀಯ ಗಿಡಗಳ ಪಟ್ಟಿ ಬೆಳೆಸಿದರೆ ಅವು ಬೇರೆ ಜಾಗ ಹುಡುಕುತ್ತವೆ. ಗಲ್ ಹಕ್ಕಿಗಳು ಬರುವುದು ನಮ್ಮ ಕಸಕ್ಕೆ. ಷಿಕಾಗೊದ 63ನೇ ಬೀದಿಯ ಬೀಚಿನಲ್ಲಿ ನಡೆದ ಅಧ್ಯಯನಗಳು ಒಂದು ಮುಖ್ಯ ವಿಷಯ ತೋರಿಸಿದವು: ಗಲ್ ಹಿಕ್ಕೆಯ ಬ್ಯಾಕ್ಟೀರಿಯಾ ಒದ್ದೆ ಮರಳಿನಲ್ಲಿ ಉಳಿದುಕೊಂಡು, ಅಲೆ ಬಂದಾಗಲೆಲ್ಲ ನೀರಿಗೆ ಇಳಿಯುತ್ತದೆ. ಮರಳಿನಲ್ಲಿ ನೀರಿಗಿಂತ ಹೆಚ್ಚು ಇ. ಕೋಲಿ ಇರುತ್ತದೆ. ಬಿಸಿಲು ನೀರಿನಲ್ಲಿರುವುದನ್ನು ಮಧ್ಯಾಹ್ನದೊಳಗೆ ಬಹುಮಟ್ಟಿಗೆ ಕೊಲ್ಲುತ್ತದೆ, ಮರಳಿನೊಳಗೆ ಅಡಗಿದ್ದು ಹಾಗೇ ಉಳಿಯುತ್ತದೆ. ನೀರಿಗೇ ಇಳಿಯದೆ ಮರಳಿನ ಗುಡ್ಡೆ ಕಟ್ಟಿ ಅದೇ ಕೈಯಲ್ಲಿ ಚಕ್ಕುಲಿ ತಿಂದ ಮಗುವಿಗೂ ಹೊಟ್ಟೆ ಕೆಡುವುದು ಇದಕ್ಕೇ. ಷಿಕಾಗೊದ ಬೀಚುಗಳಲ್ಲಿ ತರಬೇತಿ ಕೊಟ್ಟ ನಾಯಿಗಳನ್ನು ಬಿಟ್ಟು ಗಲ್‌ಗಳನ್ನು ಓಡಿಸಿದ್ದೂ ಉಂಟು. ವಿಸ್ಕಾನ್ಸಿನ್‌ನ ರಸೀನ್ ಊರಿನವರು ತಮ್ಮ ನಾರ್ತ್ ಬೀಚಿನ ಚರಂಡಿ ನೀರು ಇಂಗಲು ಜೌಗು ನಿರ್ಮಿಸಿ, ಮರಳು ಕೆದರುವ ರೀತಿಯನ್ನು ಬದಲಿಸಿದರು; ಪದೇ ಪದೇ ಮುಚ್ಚುತ್ತಿದ್ದ ಬೀಚು ಕೆಲವೇ ವರ್ಷಗಳಲ್ಲಿ ಬಹುಪಾಲು ದಿನ ತೆರೆದಿರುವಂತಾಯಿತು. ಮೂಲ ಗೊತ್ತಾದರೆ ದುರಸ್ತಿ ಸಾಧ್ಯ ಎಂಬುದಕ್ಕೆ ನಾನು ಎಲ್ಲರಿಗೂ ಕೊಡುವ ಉದಾಹರಣೆ ಇದು.

ಅಂಕೆ ಚೆನ್ನಾಗಿದೆ, ಮಕ್ಕಳಿಗೆ ಮಾತ್ರ ಕಾಯಿಲೆ

ಆಗ ಮೂಲ ನೀರಿನಲ್ಲಿದ್ದ ನಾವೇ ಆಗಿರಬಹುದು. 2014ರ ಜುಲೈಯಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಹತ್ತಿರದ ಬ್ಲೂ ಲೇಕ್ ಉದ್ಯಾನದಲ್ಲಿ ಹೀಗಾಯಿತು. ಒಂದೇ ವಾರಾಂತ್ಯಕ್ಕೆ ಹೋದವರಲ್ಲಿ 70 ಮಂದಿಗೆ ನೊರೊವೈರಸ್ ಕಾಯಿಲೆ. ನೀರಿಗಿಳಿದವರಿಗೆ ಇಳಿಯದವರಿಗಿಂತ 2.3 ಪಟ್ಟು ಹೆಚ್ಚು ವಾಂತಿ-ಭೇದಿ ತಗಲಿತ್ತು, ಅರ್ಧಕ್ಕಿಂತ ಹೆಚ್ಚು ರೋಗಿಗಳು 4ರಿಂದ 10 ವರ್ಷದ ಮಕ್ಕಳು. ಈಜಲು ಬಂದ ಯಾರೋ ನೀರಿನಲ್ಲೇ ವಾಂತಿಯನ್ನೋ ಭೇದಿಯನ್ನೋ ಮಾಡಿಕೊಂಡಿರಬೇಕು ಎಂಬುದು ತನಿಖೆ ಮಾಡಿದವರ ನಿಲುವು.

ಈಜುಕೊಳದಲ್ಲಿ ಕ್ಲೋರಿನ್ ಇದೆ, ಕೆರೆಯಲ್ಲಿ ಇಲ್ಲ. ಮಕ್ಕಳಿಗೆಂದು ಹಗ್ಗ ಕಟ್ಟಿದ ಮೊಣಕಾಲುದ್ದದ ನೀರು ಉಳಿದ ಕೆರೆನೀರಿನ ಜೊತೆ ಹೆಚ್ಚು ಬೆರೆಯುವುದಿಲ್ಲ, ಅಲ್ಲೇ ಜನ ಹೆಚ್ಚು, ಅಲ್ಲೇ ನೀರು ಕುಡಿಯುವವರೂ ಹೆಚ್ಚು. ಡಯಾಪರ್ ಹಾಕಿದ್ದೇವಲ್ಲ ಎನ್ನುತ್ತಾರೆ. ಈಜಿನ ಡಯಾಪರ್ ಗಟ್ಟಿಯಾದದ್ದನ್ನು ಹಿಡಿದೀತು, ಭೇದಿಯನ್ನು ಹಿಡಿಯುವುದಿಲ್ಲ. ಊರಿನಿಂದ ಬಂದ ಅಜ್ಜಿಯರಿಗೆ ನಾನು ಕೈಹಿಡಿದು ಹೇಳುವ ಮಾತು ಒಂದೇ: ಅಮ್ಮಾ, ಮಗುವನ್ನು ದಂಡೆಯಲ್ಲಿ ಕೂರಿಸಿ ಕೆರೆನೀರಿನಲ್ಲಿ ತೊಳೆಯಬೇಡಿ, ಪಾರ್ಕಿನ ಶೌಚಾಲಯ ಇನ್ನೂರು ಹೆಜ್ಜೆ ದೂರ ಇದ್ದರೂ ಅಲ್ಲಿಗೇ ಹೋಗೋಣ, ನಾನೂ ಬರುತ್ತೇನೆ.

ತುರಿಕೆ

ಇದನ್ನು ಇ. ಕೋಲಿ ಪರೀಕ್ಷೆ ಹಿಡಿಯುವುದೇ ಇಲ್ಲ. ಬಾತುಗಳ ರಕ್ತದಲ್ಲಿರುವ ಸಣ್ಣ ಹುಳುವಿನ ಮೊಟ್ಟೆ ಹಿಕ್ಕೆಯಲ್ಲಿ ನೀರಿಗೆ ಬೀಳುತ್ತದೆ, ಮರಿ ಬಸವನಹುಳುವಿನೊಳಗೆ ಸೇರಿ ಬೆಳೆಯುತ್ತದೆ, ಅಲ್ಲಿಂದ ಹೊರಬಂದು ಮತ್ತೆ ಬಾತನ್ನು ಹುಡುಕುತ್ತದೆ. ದಾರಿ ತಪ್ಪಿ ನಮ್ಮ ಚರ್ಮಕ್ಕೆ ಹೊಕ್ಕರೆ ಅಲ್ಲೇ ಸಾಯುತ್ತದೆ. ಸತ್ತದ್ದಕ್ಕೆ ನಮ್ಮ ದೇಹ ತೋರುವ ಸಿಟ್ಟೇ ತುರಿಕೆ. ಇದನ್ನು 1928ರಲ್ಲಿ ಕಂಡುಹಿಡಿದದ್ದು ನಮ್ಮ ಮಿಷಿಗನ್‌ನ ಡಗ್ಲಸ್ ಕೆರೆಯ ದಂಡೆಯಲ್ಲೇ, ವಿಲಿಯಂ ಕಾರ್ಟ್ ಎಂಬ ವಿಜ್ಞಾನಿ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ದಂಡೆಯ ಕಡೆಗೆ ಗಾಳಿ ಬೀಸುವ ದಿನ, ಬೆಳಗಿನ ಹೊತ್ತು, ಆಳವಿಲ್ಲದ ನೀರಿನಲ್ಲಿ ಹೆಚ್ಚು. ನೀರಿನಿಂದ ಎದ್ದ ತಕ್ಷಣ ಟವೆಲಿನಿಂದ ಬಿಗಿಯಾಗಿ ಒರೆಸಿ, ಮೈ ತಾನಾಗಿ ಆರಲು ಬಿಡಬೇಡಿ. ಬಾತುಗಳಿಗೆ ಬ್ರೆಡ್ಡು ಹಾಕುವುದನ್ನು ನಿಲ್ಲಿಸಿ. ಗುಳ್ಳೆ ಕೆರೆದು ಹುಣ್ಣು ಮಾಡಿಕೊಳ್ಳದಿದ್ದರೆ ವಾರದಲ್ಲಿ ಹೋಗುತ್ತದೆ.

ಹಸಿರು ನೀರು

ಹಸಿರೆಲ್ಲ ವಿಷವಲ್ಲ. ಒಂದು ಕೋಲು ತೆಗೆದುಕೊಂಡು ಎತ್ತಿ ನೋಡಿ. ಕೂದಲಿನಂತೆ ಜೋತುಬಿದ್ದರೆ ಅದು ಸಾಮಾನ್ಯ ಪಾಚಿ. ಪೇಂಟಿನಲ್ಲಿ ಅದ್ದಿದಂತೆ ಕೋಲಿಗೆ ಬಳಿದುಕೊಂಡರೆ ವಿಷ ಬಿಡಬಲ್ಲ ಸಯನೊಬ್ಯಾಕ್ಟೀರಿಯಾ ಇರಬಹುದು. ಇನ್ನೂ ಅನುಮಾನವಾದರೆ ಕೈಗವಸು ಹಾಕಿ ಗಾಜಿನ ಜಾಡಿಯ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಅಲುಗಾಡಿಸದೆ ಇಡಿ. ಹಸಿರು ತಳಕ್ಕೆ ಇಳಿದರೆ ಸಮಾಧಾನ. ಮೇಲೆ ಉಂಗುರದಂತೆ ಕಟ್ಟಿದರೆ ಆ ನೀರಿಗೆ ಇಳಿಯಬೇಡಿ, ನಾಯಿಯನ್ನಂತೂ ಬಿಡಲೇಬೇಡಿ. ಅದು ಮೈ ನೆಕ್ಕಿಕೊಂಡೇ ವಿಷ ನುಂಗುತ್ತದೆ. ವಿಷ ಇದೆಯೋ ಇಲ್ಲವೋ ಜಾಡಿ ಹೇಳುವುದಿಲ್ಲ, ಅದು ಲ್ಯಾಬಿನ ಕೆಲಸ. ಮೈಕ್ರೊಸಿಸ್ಟಿನ್ ಎಂಬ ವಿಷಕ್ಕೆ ಈಜುವ ನೀರಿನಲ್ಲಿ ಪರಿಸರ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ಲೀಟರಿಗೆ 8 ಮೈಕ್ರೊಗ್ರಾಂ. ಕುದಿಸಿದರೆ ಇದು ಹೋಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ನೀರು ಕುಡಿಯುವ ಟೊಲೆಡೊ ನಗರದ 4 ಲಕ್ಷಕ್ಕೂ ಹೆಚ್ಚು ಜನ ನಲ್ಲಿ ನೀರನ್ನು ಕುಡಿಯದೆ ದಿನಗಳನ್ನು ಕಳೆದದ್ದು ಇದೇ ವಿಷದಿಂದ.

ಮಿದುಳಿಗೆ ಸೋಂಕು ತರುವ ಅಮೀಬಾ ಬಗ್ಗೆಯೂ ಕೇಳುತ್ತಾರೆ, ಕೇರಳದ ಸುದ್ದಿ ಓದಿ. ಬೆಚ್ಚಗಿನ ಸಿಹಿನೀರು ಮೂಗಿನ ಮೇಲ್ಭಾಗಕ್ಕೆ ನುಗ್ಗಿದರೆ ಮಾತ್ರ ಬರುವ, ಬಹಳ ಅಪರೂಪದ ಕಾಯಿಲೆ ಅದು. ತೀರಾ ಬಿಸಿಯ ದಿನಗಳಲ್ಲಿ ಮೂಗಿಗೆ ಕ್ಲಿಪ್ ಹಾಕಿ, ತಳದ ಕೆಸರು ಕಲಕಬೇಡಿ. ಈಜಿದ ಕೆಲವು ದಿನಗಳಲ್ಲಿ ವಿಪರೀತ ತಲೆನೋವು, ಜ್ವರ, ಕುತ್ತಿಗೆ ಬಿಗಿತ ಬಂದರೆ ತುರ್ತು ಚಿಕಿತ್ಸೆಗೆ ಹೋಗಿ, ಕೆರೆಯಲ್ಲಿ ಈಜಿದ್ದನ್ನು ಮೊದಲೇ ಹೇಳಿ.

ಆ ಸೋಮವಾರದ ಫೋನು

ಅವಳಿಗೆ ಕಾಗದ ಪೆನ್ನು ತರಲು ಹೇಳಿದೆ. ನೀರಿಗಿಳಿದದ್ದು ಶನಿವಾರ ಮಧ್ಯಾಹ್ನ ಎರಡಕ್ಕೆ, ಮೊದಲ ವಾಂತಿ ಭಾನುವಾರ ರಾತ್ರಿ ಎಂಟಕ್ಕೆ. ಮೂವತ್ತು ಗಂಟೆ. ಅಪ್ಪ ಅಮ್ಮ ಅದೇ ಊಟ ಮಾಡಿದ್ದರು, ನೀರಿಗಿಳಿದಿರಲಿಲ್ಲ, ಅವರಿಗೇನೂ ಇಲ್ಲ. ವಾರವಿಡೀ ಮಳೆಯಿಲ್ಲ, ಶುಕ್ರವಾರದ ಮೂರೂ ಬಾಟಲಿಗಳ ಅಂಕೆ ನೂರರೊಳಗೆ. ನೀರು ಹಸಿರಾಗಿರಲಿಲ್ಲ. "ಜೊತೆಗೆ ಆಡಿದ ಮಕ್ಕಳಿಗೆ ಹೇಗಿದೆ, ಕೇಳಿ ನೋಡು" ಎಂದೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನು: ಹಗ್ಗದೊಳಗೆ ಆಡಿದ ಇನ್ನೆರಡು ಮನೆಯ ಮಕ್ಕಳಿಗೂ ವಾಂತಿ, ಅದರಲ್ಲೊಬ್ಬ ಪುಟ್ಟನಿಗೆ ಗುರುವಾರದಿಂದಲೇ ಹೊಟ್ಟೆ ಸರಿಯಿರಲಿಲ್ಲವಂತೆ.

ಆ ಪುಟ್ಟನ ತಾಯಿಯ ಮೇಲೆ ಯಾರೂ ರೇಗಬಾರದು ಎಂದು ಅವಳಿಂದ ಮಾತು ತೆಗೆದುಕೊಂಡೆ. ರೇಗಿದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಬರೆದ ಕಾಗದ ಹಿಡಿದುಕೊಂಡು ಅವಳೇ ಆರೋಗ್ಯ ಇಲಾಖೆಗೆ ಫೋನು ಮಾಡಿದಳು. ಅವರೂ ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ ಎಂದೇ. ಮಗನಿಗೆ ಓಆರ್‌ಎಸ್ ಚಮಚ ಚಮಚವಾಗಿ ಕುಡಿಸಿ, ಬುಧವಾರಕ್ಕೆ ಅವನು ಮನೆ ತುಂಬ ಓಡಾಡುತ್ತಿದ್ದ. ಲಕ್ಷಣ ಹೋದರೂ ವೈರಸ್ಸು ಎರಡು ವಾರ ಮಲದಲ್ಲಿ ಬರುತ್ತಿರಬಹುದು ಎಂದು ಹೇಳಿದ್ದೆ. ಮುಂದಿನ ಎರಡು ಶನಿವಾರವೂ ಅವರು ಬೀಚಿಗೆ ಬಂದರು, ಬುತ್ತಿ ತಂದರು, ಹುಡುಗ ಮರದ ಕೆಳಗೆ ಅಪ್ಪನ ಜೊತೆ ಕೇರಂ ಆಡಿದ.